ಗಾಯದ ಕಲೆಗೆ ಲೇಸರ್: ಸಾಲ ಬರೆಯುವ ಮೊದಲು ತಿಳಿದುಕೊಳ್ಳೋಣ



ಬಿಸಿ ಎಣ್ಣೆ ಸಿಡಿದು ಕೈ ಸುಟ್ಟದ್ದು, ಗಂಜಿ ಚೆಲ್ಲಿ ಮಗುವಿನ ಎದೆ ಬೆಂದದ್ದು, ಸಿಜೇರಿಯನ್ ಹೊಲಿಗೆ ಉಬ್ಬಿ ನಿಂತದ್ದು, ಮಗಳ ಕೆನ್ನೆಯಲ್ಲಿ ಮೊಡವೆಯ ಗುಳಿ ಉಳಿದದ್ದು. ಇಂಥ ಒಂದಾದರೂ ಕಲೆ ಇಲ್ಲದ ಮನೆ ನಮ್ಮ ಸಂಘಗಳಲ್ಲಿ ಅಪರೂಪ. ಮೊದಲೆಲ್ಲ "ಹಣೆಬರಹ" ಎಂದು ಸುಮ್ಮನಾಗುತ್ತಿದ್ದೆವು. ಈಗ ಟಿ.ವಿ.ಯಲ್ಲಿ, ಮೊಬೈಲಿನಲ್ಲಿ, ಪೇಟೆಯ ಬೋರ್ಡುಗಳಲ್ಲಿ "ಲೇಸರ್‌ನಿಂದ ಕಲೆ ಮಾಯ" ಎಂಬ ಜಾಹೀರಾತು ಕಾಣುತ್ತದೆ. ಸಭೆಗಳಲ್ಲಿ ಇದಕ್ಕಾಗಿ ಸಾಲ ಕೇಳುವವರೂ ಇದ್ದಾರೆ. ಮಗಳಿಗೆ ಗಂಡು ನೋಡುವ ಸಮಯ ಬಂದಾಗ ಈ ಕೇಳಿಕೆ ಇನ್ನೂ ಜಾಸ್ತಿ.

ಕಲೆಗೆ ಚಿಕಿತ್ಸೆ ಬೇಕು ಅನ್ನುವುದು ಶೋಕಿ ಅಲ್ಲ. ಕಲೆ ತುರಿಸುತ್ತದೆ, ನೋಯುತ್ತದೆ, ಕೈ ಮಡಚಲು ಬಿಡುವುದಿಲ್ಲ, ನಾಲ್ಕು ಜನರ ಮುಂದೆ ತಲೆ ಎತ್ತಲು ಬಿಡುವುದಿಲ್ಲ. ಹಾಗೆಂದು ಎಲ್ಲ ಕಲೆಗೂ ಲೇಸರ್ ಮದ್ದಲ್ಲ. ಕೆಲವು ಕಲೆಗೆ ಅದು ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ, ಕೆಲವಕ್ಕೆ ಅರೆಬರೆ, ಇನ್ನು ಕೆಲವಕ್ಕೆ ಹಣವೂ ಹೋಗಿ ಚರ್ಮವೂ ಕೆಡುತ್ತದೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ "ಲೇಸರ್‌ಗೆ ಎಷ್ಟು ಖರ್ಚು?" ಎಂದಲ್ಲ, "ಇದು ಯಾವ ಬಗೆಯ ಕಲೆ?" ಎಂದು.

ಕಲೆ ಆಗುವುದು ಹೇಗೆ?

ನಮ್ಮ ಚರ್ಮಕ್ಕೆ ಮುಖ್ಯವಾಗಿ ಎರಡು ಪದರ. ಮೇಲಿನ ತೆಳು ಪದರಕ್ಕೆ ಮಾತ್ರ ಪೆಟ್ಟಾದರೆ ಸಾಮಾನ್ಯವಾಗಿ ಕಲೆ ಉಳಿಯುವುದಿಲ್ಲ. ಕೆಳಗಿನ ದಪ್ಪ ಪದರದಲ್ಲಿ ಕೊಲಾಜೆನ್ ಎಂಬ ನಾರು ಚಾಪೆಯ ಹಾಗೆ ಹೆಣೆದುಕೊಂಡಿರುತ್ತದೆ. ಗಾಯ ಅಲ್ಲಿಯವರೆಗೆ ಇಳಿದರೆ ದೇಹ ಅವಸರ ಅವಸರವಾಗಿ ಹೊಸ ನಾರು ತಂದು ತೇಪೆ ಹಾಕುತ್ತದೆ. ತೇಪೆ ಹರಿದದ್ದನ್ನು ಮುಚ್ಚುತ್ತದೆ, ಆದರೆ ಮೊದಲಿನ ನೇಯ್ಗೆ ಬರುವುದಿಲ್ಲ. ಆ ತೇಪೆಯೇ ಕಲೆ. ಕಲೆಯಾದ ಚರ್ಮಕ್ಕೆ ಹೆಚ್ಚೆಂದರೆ ಮೊದಲಿನ ಚರ್ಮದ ಶೇ. 80ರಷ್ಟು ಬಲ ಬರುತ್ತದೆ.

ಗಾಯ ಒಣಗಿದ ಕೂಡಲೇ ಈ ಕೆಲಸ ಮುಗಿಯುವುದಿಲ್ಲ. ಒಳಗೆ ನಾರು ಕಟ್ಟುವುದು, ಬಿಚ್ಚುವುದು ಒಂದರಿಂದ ಎರಡು ವರ್ಷ ನಡೆಯುತ್ತಿರುತ್ತದೆ. ಮೊದಲ ತಿಂಗಳುಗಳಲ್ಲಿ ಕೆಂಪಗೆ, ಗಟ್ಟಿಯಾಗಿ ಇದ್ದ ಕಲೆ ತಾನಾಗಿಯೇ ಮೆತ್ತಗಾಗಿ ಮಾಸುವುದೂ ಉಂಟು. ಹಾಗಾಗಿ ಮೂರು ತಿಂಗಳ ಕಲೆಯನ್ನು ನೋಡಿ "ಇನ್ನು ಜೀವನಪೂರ್ತಿ ಹೀಗೇ" ಎಂದು ಹೆದರಬೇಡಿ.

ಲೇಸರ್ ಅಂದರೆ ಏನು?

ಲೇಸರ್ ಎಂದರೆ ಒಂದೇ ಬಣ್ಣದ, ಒಂದೇ ದಿಕ್ಕಿಗೆ ಹೋಗುವ ಬಲವಾದ ಬೆಳಕು. ಮೊದಲ ಲೇಸರ್ ಅಮೆರಿಕದಲ್ಲಿ 1960ರಲ್ಲಿ ಬೆಳಗಿತು. ಇಂದು ಕಲೆಯ ಚಿಕಿತ್ಸೆಯಲ್ಲಿ ಹೆಚ್ಚಾಗಿ ಬಳಸುವ ಕಾರ್ಬನ್ ಡೈಆಕ್ಸೈಡ್ ಲೇಸರನ್ನು 1964ರಲ್ಲಿ ಕಂಡುಹಿಡಿದವರು ನಮ್ಮ ಪಕ್ಕದ ಮಹಾರಾಷ್ಟ್ರದ ಬಾರಾಮತಿಯಲ್ಲಿ ಹುಟ್ಟಿದ ವಿಜ್ಞಾನಿ ಸಿ. ಕುಮಾರ್ ಪಟೇಲ್. ಆಗ ಅವರು ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿದ್ದರು.

ಕಪ್ಪು ಸೀರೆ ಬಿಸಿಲಿನಲ್ಲಿ ಬೇಗ ಕಾಯುತ್ತದೆ, ಬಿಳಿ ಸೀರೆ ಅಷ್ಟು ಕಾಯುವುದಿಲ್ಲ, ಅಲ್ಲವೇ? ಹಾಗೆಯೇ ಒಂದೊಂದು ಬಣ್ಣದ ಬೆಳಕನ್ನು ಚರ್ಮದೊಳಗಿನ ಒಂದೊಂದು ವಸ್ತು ಹೀರಿಕೊಳ್ಳುತ್ತದೆ. ಸರಿಯಾದ ಬೆಳಕನ್ನು ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ಬಿಟ್ಟರೆ ಬೇಕಾದ ವಸ್ತು ಮಾತ್ರ ಕಾಯುತ್ತದೆ, ಸುತ್ತಲಿನ ಚರ್ಮ ಉಳಿಯುತ್ತದೆ. ಈ ತತ್ವವನ್ನು 1983ರಲ್ಲಿ ಆಂಡರ್ಸನ್ ಮತ್ತು ಪ್ಯಾರಿಶ್ ಎಂಬ ವೈದ್ಯರು ವಿವರಿಸಿದರು. ಕಲೆಗೆ ಬಳಸುವ ಲೇಸರ್‌ಗಳಲ್ಲಿ ಮುಖ್ಯವಾದವು ಮೂರು:

1. ಪಲ್ಸ್ಡ್ ಡೈ ಲೇಸರ್: ಇದರ ಹಳದಿ ಬೆಳಕನ್ನು ರಕ್ತದ ಕೆಂಪು ಹೀರುತ್ತದೆ. ಕಲೆಯೊಳಗಿನ ಸಣ್ಣ ರಕ್ತನಾಳಗಳು ಮುಚ್ಚಿಕೊಂಡು ಕೆಂಪು, ಉಬ್ಬು, ತುರಿಕೆ ಕಡಿಮೆಯಾಗುತ್ತವೆ.

2. ಫ್ರಾಕ್ಷನಲ್ ಕಾರ್ಬನ್ ಡೈಆಕ್ಸೈಡ್ ಲೇಸರ್: ಇದನ್ನು ಚರ್ಮದಲ್ಲಿರುವ ನೀರು ಹೀರುತ್ತದೆ. ಹಿಂದೆ ಇಡೀ ಮೇಲ್ಪದರವನ್ನೇ ಹೆರೆದು ತೆಗೆಯುತ್ತಿದ್ದರು, ನಮ್ಮಂಥ ಬಣ್ಣದ ಚರ್ಮಕ್ಕೆ ಅದು ಬಹಳ ಅಪಾಯ. 2004ರ ನಂತರ ಬಂದ ಫ್ರಾಕ್ಷನಲ್ ವಿಧಾನದಲ್ಲಿ ಜರಡಿಯ ತೂತುಗಳ ಹಾಗೆ ಕೂದಲೆಳೆಯಷ್ಟು ಸಣ್ಣ ಚುಕ್ಕೆಗಳನ್ನು ಮಾತ್ರ ಸುಡುತ್ತಾರೆ. ತೂತಿನ ನಡುವೆ ಉಳಿದ ಒಳ್ಳೆಯ ಚರ್ಮ ಬೇಗ ಗಾಯ ಮಾಯಿಸುತ್ತದೆ, ಒಳಗೆ ಹೊಸ ಕೊಲಾಜೆನ್ ಹೆಣೆಯುತ್ತದೆ.

3. ಎನ್‌ಡಿ ಯಾಗ್ ಲೇಸರ್: ಇದನ್ನು ಚರ್ಮದ ಕಪ್ಪು ಬಣ್ಣ ಕಡಿಮೆ ಹೀರುತ್ತದೆ, ಬೆಳಕು ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಕಪ್ಪು, ಗೋಧಿ ಬಣ್ಣದವರಿಗೆ ಇದು ತುಸು ಸುರಕ್ಷಿತ.

ಯಾವ ಲೇಸರೂ ಸ್ಲೇಟು ಒರೆಸಿದ ಹಾಗೆ ಕಲೆಯನ್ನು ಅಳಿಸುವುದಿಲ್ಲ. ಅದು ತೇಪೆಯನ್ನು ಇನ್ನಷ್ಟು ನಯವಾಗಿ ಹೊಲಿಯುತ್ತದೆ, ಅಷ್ಟೇ. "ನೂರಕ್ಕೆ ನೂರು ಹೋಗುತ್ತದೆ" ಎಂದು ಯಾರಾದರೂ ಹೇಳಿದರೆ ಆ ಬಾಗಿಲಿನಿಂದಲೇ ವಾಪಸ್ ಬನ್ನಿ.

ನಮ್ಮ ಕಲೆ ಯಾವ ಬಗೆ?

1. ಬರೀ ಕಪ್ಪು ಗುರುತು. ಮೊಡವೆ, ಕಜ್ಜಿ, ಸೊಳ್ಳೆ ಕಡಿತ ವಾಸಿಯಾದ ಮೇಲೆ ಉಳಿಯುವ ಕಪ್ಪು. ಮುಟ್ಟಿದರೆ ಉಬ್ಬೂ ಇಲ್ಲ, ಗುಳಿಯೂ ಇಲ್ಲ. ಇದು ನಿಜವಾಗಿ ಕಲೆಯೇ ಅಲ್ಲ, ಬಣ್ಣ ಮಾತ್ರ. ಬಿಸಿಲಿನಿಂದ ಕಾಪಾಡಿಕೊಂಡರೆ ಹಲವು ತಿಂಗಳಲ್ಲಿ ಮಾಸುತ್ತದೆ. ಇದಕ್ಕೆ ಅವಸರಪಟ್ಟು ಲೇಸರ್ ಮಾಡಿಸಿದರೆ ಇನ್ನಷ್ಟು ಕಪ್ಪಾಗುವ ಸಂಭವ ಇದೆ.

2. ಗುಳಿ ಕಲೆ. ಮೊಡವೆ, ಸೀತಾಳೆ ಸಿಡುಬಿನಿಂದ ಆದದ್ದು. ಅಗಲವಾದ, ಹೆಚ್ಚು ಆಳವಿಲ್ಲದ ಗುಳಿಗೆ ಫ್ರಾಕ್ಷನಲ್ ಲೇಸರ್ ಚೆನ್ನಾಗಿ ಒಗ್ಗುತ್ತದೆ. ಸೂಜಿ ಚುಚ್ಚಿದ ಹಾಗೆ ಕಿರಿದಾಗಿ ಆಳಕ್ಕೆ ಇಳಿದ ಗುಳಿಗೆ ಲೇಸರ್ ಒಂದರಿಂದಲೇ ಹೆಚ್ಚು ಲಾಭವಿಲ್ಲ. ಅಂಥದಕ್ಕೆ ಡಾಕ್ಟರು ಗುಳಿಯೊಳಗೆ ಆ್ಯಸಿಡ್ ಮದ್ದನ್ನು ಹನಿಯಷ್ಟು ಮುಟ್ಟಿಸುತ್ತಾರೆ ಅಥವಾ ಗುಳಿಯನ್ನೇ ಕತ್ತರಿಸಿ ಹೊಲಿಯುತ್ತಾರೆ. ಅಡಿಯಿಂದ ನಾರು ಹಿಡಿದೆಳೆದ ಗುಳಿಯಾದರೆ ಸೂಜಿಯಿಂದ ಆ ನಾರನ್ನು ಬಿಡಿಸುತ್ತಾರೆ. ಮೈಕ್ರೋನೀಡ್ಲಿಂಗ್ ಎಂಬ ಸಣ್ಣ ಸೂಜಿಗಳ ಚಿಕಿತ್ಸೆಯೂ ಇದೆ. ಅದರಲ್ಲಿ ಮುಖ ಕಪ್ಪಾಗುವ ಭಯ ಲೇಸರ್‌ಗಿಂತ ಕಡಿಮೆ. ಹೊಸ ಮೊಡವೆ ಏಳುತ್ತಿರುವಾಗ ಹಳೆಯ ಗುಳಿಗೆ ಹಣ ಸುರಿಯಬೇಡಿ. ಮೊದಲು ಮೊಡವೆ ನಿಲ್ಲಬೇಕು.

3. ಉಬ್ಬು ಕಲೆ. ಸುಟ್ಟ ಗಾಯ, ಆಪರೇಷನ್ ಹೊಲಿಗೆಯ ಮೇಲೆ ಕೆಂಪಗೆ ಹುರಿಯ ಹಾಗೆ ಏಳುತ್ತದೆ, ಆದರೆ ಗಾಯದ ಗಡಿ ದಾಟುವುದಿಲ್ಲ. ಸಮಯ ಕಳೆದಂತೆ ಇಳಿಯುವುದೂ ಉಂಟು. ಸಿಲಿಕಾನ್ ಪಟ್ಟಿ ಅಥವಾ ಜೆಲ್, ಒತ್ತಡದ ಬಟ್ಟೆ, ಇಂಜೆಕ್ಷನ್ ಇವೇ ಮೊದಲ ಮದ್ದು. ಕೆಂಪು ಜಾಸ್ತಿ ಇದ್ದರೆ ಲೇಸರೂ ಸಹಾಯ ಮಾಡುತ್ತದೆ. ಹಿಂದೆ "ಒಂದು ವರ್ಷ ಕಾಯಿರಿ" ಎನ್ನುತ್ತಿದ್ದರು. ಈಗ ಕೆಲವು ಕಲೆಗೆ ಗಾಯ ಪೂರ್ತಿ ಮುಚ್ಚಿದ ಕೆಲವು ವಾರಗಳಲ್ಲೇ ಚಿಕಿತ್ಸೆ ಶುರು ಮಾಡುತ್ತಾರೆ. ಆದ್ದರಿಂದ ಉಬ್ಬು ಕಂಡ ಕೂಡಲೇ ತೋರಿಸುವುದು ಒಳ್ಳೆಯದು.

4. ಕೆಲಾಯ್ಡ್. ಇದು ಗಾಯದ ಗಡಿಯನ್ನೂ ದಾಟಿ ಬೆಳೆಯುವ ಗಂಟು. ಕಿವಿ ಚುಚ್ಚಿದ ಜಾಗ, ಎದೆಯ ನಡುವೆ, ಭುಜ ಇವು ಇದರ ಮಾಮೂಲಿ ತಾಣ. ಗೋಧಿ, ಕಪ್ಪು ಬಣ್ಣದವರಲ್ಲಿ ಹೆಚ್ಚು, ಕೆಲವು ಮನೆತನಗಳಲ್ಲಿ ಇನ್ನೂ ಹೆಚ್ಚು. ಇದನ್ನು ಬರೀ ಕತ್ತರಿಸಿದರೆ ಅಥವಾ ಬರೀ ಲೇಸರ್‌ನಿಂದ ಸುಟ್ಟರೆ ಮೊದಲಿಗಿಂತ ದೊಡ್ಡದಾಗಿ ಮರಳಿ ಬರುವ ಸಂಭವ ಬಹಳ. ಗಂಟಿನೊಳಗೆ ಕೆಲವು ವಾರಗಳಿಗೊಮ್ಮೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡುವುದೇ ಮುಖ್ಯ ಚಿಕಿತ್ಸೆ. ಲೇಸರ್ ಇಲ್ಲಿ ಜೊತೆಗಾರ ಮಾತ್ರ.

5. ಬಿಗಿದ ಕಲೆ. ಕುತ್ತಿಗೆ, ಮೊಣಕೈ, ಬೆರಳುಗಳ ಸುಟ್ಟಗಾಯ ಒಣಗುವಾಗ ಚರ್ಮ ಎಳೆದುಕೊಂಡು ಕೀಲು ಮಡಚಿಯೇ ಉಳಿಯುತ್ತದೆ. ನಾವು ಅತಿ ಹೆಚ್ಚು ಎಚ್ಚರ ವಹಿಸಬೇಕಾದದ್ದು ಇದರಲ್ಲಿ. ಬೆಳೆಯುವ ಮಗುವಾದರೆ ಮೂಳೆ ಬೆಳೆಯುತ್ತದೆ, ಕಲೆ ಅದರ ಜೊತೆ ಬೆಳೆಯುವುದಿಲ್ಲ, ಬಿಗಿತ ವರ್ಷ ವರ್ಷ ಜಾಸ್ತಿಯಾಗುತ್ತದೆ. ಇದಕ್ಕೆ ಬೇಕಾದದ್ದು ವ್ಯಾಯಾಮ, ಪಟ್ಟಿ ಕಟ್ಟಿ ನೇರ ಇಡುವುದು, ಬಿಗಿತ ಹೆಚ್ಚಿದ್ದರೆ ಪ್ಲಾಸ್ಟಿಕ್ ಸರ್ಜನ್ ಮಾಡುವ ಬಿಡಿಸುವ ಆಪರೇಷನ್. ಆ ಬಳಿಕ ಉಳಿದ ಗಟ್ಟಿ ಚರ್ಮವನ್ನು ಮೆತ್ತಗೆ ಮಾಡಲು, ತುರಿಕೆ ಮತ್ತು ನೋವು ಇಳಿಸಲು ಫ್ರಾಕ್ಷನಲ್ ಲೇಸರ್ ಉಪಯೋಗವಾಗುತ್ತದೆ.

6. ಬಸುರಿನ ಗೆರೆಗಳು. ಹೊಟ್ಟೆ, ತೊಡೆಯ ಮೇಲಿನ ಈ ಗೆರೆಗಳು ವರ್ಷಗಳಲ್ಲಿ ತಾವೇ ಮಾಸುತ್ತವೆ. ಲೇಸರ್‌ನಿಂದ ಆಗುವ ಬದಲಾವಣೆ ಸ್ವಲ್ಪ. ಇದಕ್ಕಾಗಿ ಸಾಲ ಮಾಡುವುದು ಬೇಡ ಎಂದೇ ನಮ್ಮ ಸಲಹೆ.

ನಮ್ಮ ಮೈಬಣ್ಣಕ್ಕೆ ವಿಶೇಷ ಎಚ್ಚರ

ನಮ್ಮ ಚರ್ಮದಲ್ಲಿ ಮೆಲನಿನ್ ಎಂಬ ಬಣ್ಣದ ವಸ್ತು ಹೆಚ್ಚು. ಬಿಸಿಲಿಗೆ ಇದು ಕೊಡೆ ಇದ್ದ ಹಾಗೆ, ನಮಗೆ ಒಳ್ಳೆಯದೇ. ಆದರೆ ಲೇಸರ್ ತಾಪಕ್ಕೆ ಈ ಚರ್ಮ ಬೇಗ ಕೆರಳಿ ಕಪ್ಪಾಗುತ್ತದೆ. ಬಿಳಿ ಚರ್ಮಕ್ಕೆ ಇಡುವ ಅಳತೆಯಲ್ಲೇ ನಮಗೂ ಮಿಷನ್ ಇಟ್ಟರೆ ಸುಟ್ಟ ಬೊಕ್ಕೆ, ಕಪ್ಪು ಮಚ್ಚೆ, ಕೆಲವೊಮ್ಮೆ ಬಿಳಿ ಮಚ್ಚೆ ಏಳಬಹುದು. ನಮಗೆ ಗೊತ್ತಿರುವ ಒಬ್ಬ ಸದಸ್ಯೆಯ ಮಗಳು ಪೇಟೆಯ ಒಂದು ಬ್ಯೂಟಿ ಪಾರ್ಲರ್‌ನಲ್ಲಿ ಮೊಡವೆ ಗುಳಿಗೆಂದು ಲೇಸರ್ ಮಾಡಿಸಿಕೊಂಡಳು. ಮಾಡಿದವರು ವೈದ್ಯರಲ್ಲ. ಗುಳಿ ಇದ್ದಲ್ಲೇ ಇತ್ತು, ಕೆನ್ನೆ ತುಂಬಾ ಚೌಕ ಚೌಕವಾಗಿ ಕಪ್ಪು ಬಂತು. ಅದು ಮಾಸಲು ಎಂಟು ತಿಂಗಳು ಬೇಕಾಯಿತು. ಅಷ್ಟು ದಿನವೂ ಆ ಹುಡುಗಿ ಕಾಲೇಜಿಗೆ ದುಪಟ್ಟಾ ಸುತ್ತಿಕೊಂಡೇ ಹೋದಳು.

ಚಿಕಿತ್ಸೆ ಹೇಗೆ ನಡೆಯುತ್ತದೆ?

ಮೊದಲು ಮರಗಟ್ಟಿಸುವ ಕ್ರೀಮು ಹಚ್ಚಿ ಮುಕ್ಕಾಲು ಗಂಟೆಯಿಂದ ಒಂದು ಗಂಟೆ ಬಿಡುತ್ತಾರೆ. ಕಣ್ಣಿಗೆ ಕನ್ನಡಕ ಅಥವಾ ಮುಚ್ಚಳ ಹಾಕಲೇಬೇಕು. ಹಾಕದಿದ್ದರೆ ಕೇಳಿ ಹಾಕಿಸಿಕೊಳ್ಳಿ. ಲೇಸರ್ ಬಿಡುವುದು ಕೆಲವು ನಿಮಿಷದ ಕೆಲಸ. ರಬ್ಬರ್ ಬ್ಯಾಂಡ್ ಹೊಡೆದ ಹಾಗೆ ಚುರುಕ್ ಎನ್ನುತ್ತದೆ. ಫ್ರಾಕ್ಷನಲ್ ಲೇಸರ್ ಆದ ಮೇಲೆ ಕೆಲವು ದಿನ ಕೆಂಪು, ಊತ, ಸಣ್ಣ ಹಕ್ಕಳೆ ಇರುತ್ತದೆ. ಹಕ್ಕಳೆಯನ್ನು ಕೀಳಬಾರದು, ಸುಮಾರು ಒಂದು ವಾರದಲ್ಲಿ ತಾನೇ ಉದುರುತ್ತದೆ. ಕೀವು, ಜ್ವರ, ಹೆಚ್ಚುವ ನೋವು ಕಂಡರೆ ತಡ ಮಾಡದೆ ಡಾಕ್ಟರಲ್ಲಿಗೆ ಹೋಗಿ.

ಒಂದು ಸಿಟ್ಟಿಂಗ್‌ನಲ್ಲಿ ಮುಗಿಯುವುದಿಲ್ಲ. ಸಾಮಾನ್ಯವಾಗಿ 3ರಿಂದ 6 ಸಿಟ್ಟಿಂಗ್, ಒಂದರ ಬಳಿಕ ಇನ್ನೊಂದಕ್ಕೆ 4ರಿಂದ 8 ವಾರದ ಅಂತರ. ಹೊಸ ಕೊಲಾಜೆನ್ ನಿಧಾನವಾಗಿ ಬೆಳೆಯುವುದರಿಂದ ಪೂರ್ತಿ ಫಲ ಕಾಣಲು ಹಲವು ತಿಂಗಳು ಹಿಡಿಯುತ್ತದೆ. ಆ ದಿನಗಳಲ್ಲಿ ಬಿಸಿಲು ದೊಡ್ಡ ಶತ್ರು. ಗದ್ದೆ, ತೋಟ, ಕಟ್ಟಡದ ಕೆಲಸಕ್ಕೆ ಹೋಗುವವರು ಇದನ್ನು ಮೊದಲೇ ಲೆಕ್ಕ ಹಾಕಬೇಕು. ನಾಟಿ, ಕೊಯ್ಲಿನ ಸಮಯದಲ್ಲಿ ಮಾಡಿಸಬೇಡಿ. ಸನ್‌ಸ್ಕ್ರೀನ್, ಸೆರಗು, ಕೊಡೆ ಮೂರೂ ಬೇಕು.

ಬಸುರಿಯಾಗಿದ್ದರೆ, ಸಕ್ಕರೆ ಕಾಯಿಲೆ ಇದ್ದರೆ, ಬಾಯಿ ಸುತ್ತ ಸರ್ಪಸುತ್ತಿನಂಥ ನೀರುಗುಳ್ಳೆ ಪದೇಪದೇ ಬರುತ್ತಿದ್ದರೆ, ಕೆಲಾಯ್ಡ್ ಗುಣ ಮನೆತನದಲ್ಲಿದ್ದರೆ, ಮೊಡವೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ.

ಹಣ ಕೊಡುವ ಮೊದಲು ಈ ಆರು ಪ್ರಶ್ನೆ ಕೇಳಿ

1. ನನ್ನದು ಯಾವ ಬಗೆಯ ಕಲೆ? ಅದಕ್ಕೆ ಲೇಸರೇ ಯಾಕೆ?
2. ಲೇಸರ್ ಬಿಡುವವರು ಯಾರು? ಚರ್ಮರೋಗದಲ್ಲಿ ಎಂ.ಡಿ. ಮಾಡಿದವರೇ, ಪ್ಲಾಸ್ಟಿಕ್ ಸರ್ಜನ್ನೇ?
3. ಯಾವ ಲೇಸರ್? ನನ್ನ ಬಣ್ಣದ ಚರ್ಮಕ್ಕೆ ಇದನ್ನು ಮೊದಲು ಮಾಡಿದ್ದೀರಾ?
4. ಮೊದಲು ಸಣ್ಣ ಜಾಗದಲ್ಲಿ ಮಾಡಿ ನೋಡುತ್ತೀರಾ?
5. ಒಟ್ಟು ಎಷ್ಟು ಸಿಟ್ಟಿಂಗ್, ಎಲ್ಲ ಸೇರಿ ಎಷ್ಟು ಖರ್ಚು, ಎಷ್ಟು ಗುಣ ನಿರೀಕ್ಷಿಸಬಹುದು?
6. ಕಪ್ಪಾದರೆ, ಬೊಕ್ಕೆ ಎದ್ದರೆ ನೋಡುವವರು ಯಾರು?

ಇದನ್ನು ಕೇಳುವುದು ಅಧಿಕಪ್ರಸಂಗ ಅಲ್ಲ, ನಮ್ಮ ಹಕ್ಕು. ಒಳ್ಳೆಯ ಡಾಕ್ಟರು ಇದಕ್ಕೆ ಸಿಟ್ಟು ಮಾಡಿಕೊಳ್ಳುವುದಿಲ್ಲ. "ಇವತ್ತೇ ಪೂರ್ತಿ ಕಟ್ಟಿದರೆ ಡಿಸ್ಕೌಂಟ್" ಅಂದರೆ ಎದ್ದು ಬನ್ನಿ.

ಹಣದ ಲೆಕ್ಕ

ಉದಾಹರಣೆಗೆ ಒಂದು ಸಿಟ್ಟಿಂಗ್‌ಗೆ 5,000 ರೂಪಾಯಿ ಎಂದು ಇಟ್ಟುಕೊಳ್ಳಿ. 5 ಸಿಟ್ಟಿಂಗ್‌ಗೆ 25,000. ಸಂಘದಲ್ಲಿ ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ ಇದ್ದರೆ ಮೊದಲ ತಿಂಗಳ ಬಡ್ಡಿಯೇ 500. ಇದರ ಮೇಲೆ ಬಸ್ ಚಾರ್ಜು, ಮುಲಾಮು, ಸನ್‌ಸ್ಕ್ರೀನ್, ಹೋದ ಕೂಲಿ. ಇಷ್ಟನ್ನೂ ಬರೆದು ನೋಡಿ ಆಮೇಲೆ ನಿರ್ಣಯ ಮಾಡಿ. ಐದೂ ಸಿಟ್ಟಿಂಗ್‌ಗೆ ಒಟ್ಟಿಗೆ ಸಾಲ ಎತ್ತಬೇಡಿ. ಒಂದು ಮಾಡಿಸಿ, ಫಲ ನೋಡಿ, ಮುಂದಿನದಕ್ಕೆ ಕೇಳಿ.

ಮೊದಲು ಹತ್ತಿರದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಚರ್ಮರೋಗ ವಿಭಾಗದಲ್ಲಿ ತೋರಿಸಿ. ಸುಟ್ಟಗಾಯಕ್ಕೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪ್ರತ್ಯೇಕ ವಿಭಾಗವೇ ಇದೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅಂದ ಹೆಚ್ಚಿಸುವ ಚಿಕಿತ್ಸೆಗೆ ಹಣ ಸಿಗುವುದಿಲ್ಲ. ಆದರೆ ಸುಟ್ಟು ಬಿಗಿದ ಕೈ, ಕುತ್ತಿಗೆಯನ್ನು ಬಿಡಿಸುವ ಆಪರೇಷನ್ ಅಂದಕ್ಕಲ್ಲ, ಅಂಗ ಕೆಲಸ ಮಾಡುವುದಕ್ಕೆ. ಅಂಥದಕ್ಕೆ ಆಯುಷ್ಮಾನ್ ಭಾರತ್ ಪಟ್ಟಿಯಲ್ಲಿ ಜಾಗ ಇದೆ. ಕಾರ್ಡು ತೆಗೆದುಕೊಂಡು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ.

ಆ್ಯಸಿಡ್ ದಾಳಿಗೆ ಒಳಗಾದವರ ವಿಷಯ ಬೇರೆ. ಅವರಿಗೆ ಖಾಸಗಿ ಆಸ್ಪತ್ರೆಯೂ ಪೂರ್ತಿ ಉಚಿತ ಚಿಕಿತ್ಸೆ ಕೊಡಬೇಕು, ಅದರಲ್ಲಿ ಪ್ಲಾಸ್ಟಿಕ್ ಸರ್ಜರಿಯೂ ಸೇರಬೇಕು ಎಂದು ಸುಪ್ರೀಂ ಕೋರ್ಟ್ 2015ರಲ್ಲಿ ಆದೇಶಿಸಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 397ನೇ ಕಲಮೂ ತಕ್ಷಣ ಉಚಿತ ಚಿಕಿತ್ಸೆ ಕೊಡಬೇಕೆನ್ನುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅವರೂ ಸೇರಿದ್ದಾರೆ. ಪರಿಹಾರಕ್ಕೆ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೆ ಹೋಗಿ. ಮಹಿಳಾ ಸಹಾಯವಾಣಿ 181, ಉಚಿತ ಕಾನೂನು ನೆರವು 15100.

ಖರ್ಚಿಲ್ಲದೆ ನಾವೇ ಮಾಡಬಹುದಾದದ್ದು

ದೊಡ್ಡ ಕಲೆ ಆಗದ ಹಾಗೆ ನೋಡಿಕೊಳ್ಳುವುದೇ ಎಲ್ಲಕ್ಕಿಂತ ಅಗ್ಗದ ಚಿಕಿತ್ಸೆ.

• ಸುಟ್ಟ ಕೂಡಲೇ ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಿರಿ. ಬಳೆ, ಉಂಗುರ ತೆಗೆಯಿರಿ. ಟೂತ್‌ಪೇಸ್ಟ್, ಇಂಕು, ಎಣ್ಣೆ, ಅರಿಶಿನ, ಐಸು ಯಾವುದೂ ಬೇಡ. ದೊಡ್ಡ ಗಾಯವಾದರೆ, ಮಗುವಾದರೆ, ಮುಖ, ಕೈ, ಕೀಲು ಸುಟ್ಟಿದ್ದರೆ 108ಕ್ಕೆ ಫೋನ್ ಮಾಡಿ.
• ಬೊಕ್ಕೆ ಒಡೆಯಬೇಡಿ, ಹಕ್ಕಳೆ ಕೀಳಬೇಡಿ, ಮೊಡವೆ ಹಿಸುಕಬೇಡಿ.
• ಸುಟ್ಟ ಕೀಲನ್ನು ಡಾಕ್ಟರು ಹೇಳಿದ ದಿನದಿಂದಲೇ ಆಡಿಸಿ. ಮಗು ಅಳುತ್ತದೆಂದು ಬಿಟ್ಟರೆ ಮುಂದೆ ಆಪರೇಷನ್ ಆಗುತ್ತದೆ.
• ಗಾಯ ಮುಚ್ಚಿದ ಮೇಲೆ ಸಿಲಿಕಾನ್ ಪಟ್ಟಿಯನ್ನು ದಿನಕ್ಕೆ 12 ಗಂಟೆಗಿಂತ ಹೆಚ್ಚು, ಎರಡು ಮೂರು ತಿಂಗಳಾದರೂ ಹಾಕಬೇಕು. ತೊಳೆದು ಮತ್ತೆ ಬಳಸಬಹುದು.
• ಒತ್ತಡದ ಬಟ್ಟೆ ಕೊಟ್ಟಿದ್ದರೆ ಸ್ನಾನದ ಹೊತ್ತು ಬಿಟ್ಟು ದಿನವಿಡೀ ಹಾಕಿ.
• ಮೆಡಿಕಲ್ ಅಂಗಡಿಯಿಂದ ತಾವೇ ತಂದ ಬೆಳ್ಳಗಾಗುವ ಕ್ರೀಮು ಹಚ್ಚಬೇಡಿ. ಹಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ, ಚರ್ಮ ತೆಳ್ಳಗಾಗಿ ಮೊಡವೆ, ಕೂದಲು ಏಳುತ್ತವೆ.

ಕೊನೆಗೆ ಒಂದು ಮಾತು. ಕಲೆ ಇರುವ ಹೆಣ್ಣುಮಗಳಿಗೆ ಚಿಕಿತ್ಸೆ ಬೇಕೋ ಬೇಡವೋ ಎಂದು ಮೊದಲು ಕೇಳಬೇಕಾದದ್ದು ಅವಳನ್ನೇ, ಗಂಡಿನ ಕಡೆಯವರನ್ನಲ್ಲ. ಅವಳು ಬೇಕೆಂದರೆ ಸರಿಯಾದ ಡಾಕ್ಟರಲ್ಲಿಗೆ ಸಂಘದಿಂದ ಒಬ್ಬರು ಜೊತೆಗೆ ಹೋಗೋಣ. ಬೇಡವೆಂದರೆ ಅದನ್ನೂ ಒಪ್ಪಿಕೊಳ್ಳೋಣ. "ಅಯ್ಯೋ ಪಾಪ, ಮುಖ ಹೀಗಾಯ್ತಲ್ಲ" ಎಂಬ ಮಾತನ್ನು ನಮ್ಮ ಸಭೆಯಲ್ಲಿ ಯಾರೂ ಆಡುವುದು ಬೇಡ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದ ಮನೆಗಳಲ್ಲಿ ಸುಟ್ಟು ಕೈ, ಕುತ್ತಿಗೆ ಬಿಗಿದ ಮಕ್ಕಳು ಯಾರಾದರೂ ಇದ್ದಾರೆಯೇ? ಅವರನ್ನು ಆಸ್ಪತ್ರೆಗೆ ಯಾರು, ಯಾವ ದಿನ ಕರೆದುಕೊಂಡು ಹೋಗುತ್ತೀರಿ?
2. ಕಲೆಯ ಚಿಕಿತ್ಸೆಗೆ ಸಾಲ ಕೇಳಿದರೆ ಡಾಕ್ಟರ ಚೀಟಿ ಮತ್ತು ಒಟ್ಟು ಖರ್ಚಿನ ಬರಹ ತರಬೇಕು ಎಂದು ನಿರ್ಣಯ ಪುಸ್ತಕದಲ್ಲಿ ಬರೆಯೋಣವೇ?
3. ಸುಟ್ಟ ಕೂಡಲೇ 20 ನಿಮಿಷ ತಣ್ಣೀರು. ಇದನ್ನು ನಿಮ್ಮ ಅಂಗನವಾಡಿಯಲ್ಲಿ, ನೆರೆಮನೆಯಲ್ಲಿ ಎಷ್ಟು ಜನರಿಗೆ ತಿಳಿಸುತ್ತೀರಿ?